ಗಾಡಿ ಹುಚ್ಚು ಎಲ್ಲರಿಗೂ ಇದೆ, ಆಟೋಮೊಬೈಲ್ ಕಲಿಯೋಕೆ ಮಾತ್ರ ಯಾರೂ ಬರಲ್ಲ. ಯಾಕೆ?

ಪಾಲಿಟೆಕ್ನಿಕ್ ಮೇಷ್ಟ್ರು, ಕಲಬುರಗಿ (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಆಟೋಮೊಬೈಲ್ ನನ್ನ ಇಷ್ಟದ ವಿಷಯ. ಹದಿನಾಲ್ಕು ವರ್ಷ ಆಯ್ತು.

ಈ ಸಲ ಅಡ್ಮಿಷನ್ ಟೇಬಲ್‌ನಲ್ಲಿ ನಾನೇ ಕೂತಿದ್ದೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಕಂಪ್ಯೂಟರ್ ಸೈನ್ಸ್ ಸೀಟು ಇದೆಯಾ? ಚಿತ್ತಾಪುರ ಕಡೆಯಿಂದ ಒಬ್ಬ ಹುಡುಗ ಅಪ್ಪನ ಜೊತೆ ಬಂದಿದ್ದ. ಅಪ್ಪ ಫಾರ್ಮ್ ತುಂಬಿಸುತ್ತಿದ್ದಾಗ ಹುಡುಗ ನನ್ನ ಹತ್ತಿರ ಬಂದು, "ಸರ್, ಬುಲೆಟ್‌ಗೆ ಕಾರ್ಬುರೇಟರ್ ತೆಗೆದು ಇಂಜೆಕ್ಷನ್ ಯಾಕೆ ಹಾಕಿದ್ರು?" ಅಂತ ಕೇಳಿದ. 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಬಂತು, ಹೊಗೆಯ ಮಿತಿ ಬಿಗಿಯಾಯಿತು, ಪೆಟ್ರೋಲು ಗಾಳಿ ಎಷ್ಟೆಷ್ಟು ಬೆರೆಯಬೇಕು ಅನ್ನುವುದನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕೋಕೆ ಕಾರ್ಬುರೇಟರ್‌ಗೆ ಆಗಲ್ಲ, ಸೈಲೆನ್ಸರ್ ಪೈಪ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅನ್ನುವ ಸಣ್ಣ ಕಂಪ್ಯೂಟರ್ ಆ ಲೆಕ್ಕ ಹಾಕುತ್ತದೆ ಅಂತ ಹೇಳಿದೆ. ಹುಡುಗ ಇನ್ನೂ ಎರಡು ಪ್ರಶ್ನೆ ಕೇಳಿದ. ಎರಡೂ ಒಳ್ಳೆಯ ಪ್ರಶ್ನೆ. ಅಷ್ಟರಲ್ಲಿ ಅಪ್ಪ ಕರೆದರು. ಕಂಪ್ಯೂಟರ್‌ಗೇ ಸೇರಿಸಿ ಹೋದರು.

ನನಗೆ ಆ ದಿನದಿಂದ ಸಮಾಧಾನ ಇಲ್ಲ. ಆ ಹುಡುಗನನ್ನು ನಮ್ಮ ವಿಭಾಗಕ್ಕೆ ಕರೆಯೋಕೆ ನನ್ನ ಹತ್ತಿರ ಏನಿತ್ತು? ನಮ್ಮ ಲ್ಯಾಬ್‌ನಲ್ಲಿ ಅರ್ಧ ಕತ್ತರಿಸಿ ಬಣ್ಣ ಬಳಿದ ಹಳೆಯ ಎಂಜಿನ್ ಇದೆ. ಅದರಲ್ಲಿ ಇರೋದು ಕಾರ್ಬುರೇಟರೇ.

ನೀವೆಲ್ಲ ಗ್ಯಾರೇಜಿನವರು, ಕಂಪನಿಯವರು, ಪಾಲಕರು ಇಲ್ಲಿದ್ದೀರಿ. ತಪ್ಪು ಎಲ್ಲಿದೆ, ಬಿಚ್ಚಿ ಹೇಳಿ.

ಜೇವರ್ಗಿ ರೋಡ್

ಸಂಬಳದಲ್ಲಿದೆ ಸರ್. ಬೇರೆ ಎಲ್ಲೂ ಹುಡುಕಬೇಡಿ.

ಆಳಂದ ನಾಕಾ

ಜೇವರ್ಗಿ ರೋಡ್ ಅಣ್ಣ ಹೇಳಿದ್ದು ಖರೆ. ನಾನು 2016ರಲ್ಲಿ ಡಿಪ್ಲೊಮಾ ಮುಗಿಸಿದೆ. ಒಂದು ಸರ್ವಿಸ್ ಸೆಂಟರ್‌ನಲ್ಲಿ ಟ್ರೇನಿ ಅಂತ ತೆಗೆದುಕೊಂಡರು. ತಿಂಗಳಿಗೆ 9,500. ರೂಮು, ಊಟ, ಪೆಟ್ರೋಲು ಕಳೆದರೆ ಮನೆಗೆ ಕಳಿಸೋಕೆ ಏನೂ ಉಳಿಯುತ್ತಿರಲಿಲ್ಲ. ಮೂರು ವರ್ಷ ಆದರೂ ಆಯಿಲ್ ಬದಲಿಸುವ ಬೇ (ಗಾಡಿ ನಿಲ್ಲಿಸಿ ಕೆಲಸ ಮಾಡುವ ಜಾಗ) ಬಿಟ್ಟು ಮುಂದೆ ಕಳಿಸಲಿಲ್ಲ. ಎಂಜಿನ್ ಬಿಚ್ಚುವ ಕೆಲಸ ಹಳಬರ ಕೈಯಲ್ಲೇ ಇತ್ತು. ಕೊನೆಗೆ ಬಿಟ್ಟು ಪಾರ್ಸೆಲ್ ಡೆಲಿವರಿಗೆ ಹೋದೆ. ಮೊದಲ ತಿಂಗಳೇ ಅದಕ್ಕಿಂತ ಜಾಸ್ತಿ ಬಂತು.

ಕೆಲಸದ ಮೇಲೆ ಸಿಟ್ಟು ಇರಲಿಲ್ಲ. ಇವತ್ತಿಗೂ ಯಾವುದಾದರೂ ಗಾಡಿ ಟಪ್ ಟಪ್ ಅಂದರೆ ಕಿವಿ ಆ ಕಡೆ ಹೋಗುತ್ತದೆ.

ಬೀದರ್ ಕೋಟೆ

ಸಂಬಳ ಒಂದೇ ಅನ್ನೋದನ್ನು ನಾನು ಒಪ್ಪಲ್ಲ ರೀ. ಕಣ್ಣಿಗೆ ಬೀಳುವ ವಿಷಯವೂ ಇದೆ. ನಮ್ಮ ಬೀದರ್‌ನಲ್ಲಿ ಏರ್‌ಫೋರ್ಸ್ ಸ್ಟೇಷನ್ ಇದೆ, ಸೂರ್ಯಕಿರಣ ವಿಮಾನಗಳು ತಲೆ ಮೇಲೆ ಹಾರುತ್ತವೆ. ಹಾಗಾಗಿ ಇಲ್ಲಿ ಪ್ರತಿ ಓಣಿಯಲ್ಲೂ ಏರ್‌ಫೋರ್ಸ್ ಸೇರಬೇಕು ಅನ್ನುವ ಒಬ್ಬ ಹುಡುಗ ಸಿಗುತ್ತಾನೆ. ಅವನಿಗೆ ಯಾರೂ ಸಂಬಳದ ಲೆಕ್ಕ ಹೇಳಿಲ್ಲ. ನೋಡಿದ್ದಾನೆ, ಅಷ್ಟೇ.

ಗಾಡಿ ತಯಾರಾಗುವುದನ್ನು ನಮ್ಮ ಮಕ್ಕಳು ಎಲ್ಲಿ ನೋಡಬೇಕು? ಬೀದರ್‌ನಿಂದ ಸುಮಾರು 30 ಕಿ.ಮೀ. ಹೋದರೆ ಜಹೀರಾಬಾದ್. ಅಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಫ್ಯಾಕ್ಟರಿ ಇದೆ. ಅದಕ್ಕೂ ಮೊದಲು ಆಲ್ವಿನ್ ನಿಸ್ಸಾನ್ ಸಣ್ಣ ಲಾರಿಗಳು ಅಲ್ಲೇ ತಯಾರಾಗುತ್ತಿದ್ದವು, ಆಮೇಲೆ ಅದು ಮಹೀಂದ್ರಾ ಕೈಗೆ ಬಂತು. ರಾಜ್ಯ ಬೇರೆ, ದಾರಿ ಮಾತ್ರ ಒಂದು ಗಂಟೆಯದು. ನಮ್ಮ ಕಡೆಯ ಎಷ್ಟು ಶಾಲೆಯವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗೋಕೆ ಪತ್ರ ಬರೆದಿದ್ದಾರೆ? ಟ್ರಿಪ್ ಅಂದರೆ ಹಂಪಿ, ವಿಜಯಪುರ, ಮುಗೀತು.

ಭೀಮಾ ದಂಡೆ, ಯಾದಗಿರಿ

ಬೀದರ್‌ನವರಿಗೆ ಜಹೀರಾಬಾದ್ ಇದೆ. ಯಾದಗಿರಿಯವರು ಏನು ನೋಡಬೇಕು ಅಣ್ಣಾ?

ರಿಂಗ್ ರೋಡ್ ಮಿಸ್ತ್ರಿ

ಮೇಷ್ಟ್ರೇ, ನಾನು ಓದಿದವನಲ್ಲ, ಬರೆಯುವುದರಲ್ಲಿ ತಪ್ಪಿದ್ದರೆ ಕ್ಷಮಿಸಿ. ಇಪ್ಪತ್ತೆಂಟು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ನಾನು ಹತ್ತು ವರ್ಷದವನಿದ್ದಾಗ ಉಸ್ತಾದ್ ಹತ್ತಿರ ಪಾನಾ ಒರೆಸೋಕೆ ಸೇರಿದೆ. ಈಗ ಹದಿನಾಲ್ಕರ ಒಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳೋ ಹಾಗಿಲ್ಲ. ಅದು ಒಳ್ಳೆಯದೇ ಆಯ್ತು. ನನ್ನ ಮಕ್ಕಳು ಶಾಲೆಗೆ ಹೋದರು. ಆದರೆ ಹದಿನೆಂಟು ದಾಟಿದವರೂ ಈಗ ಬರುತ್ತಿಲ್ಲ. ಬಂದರೆ ಎರಡು ತಿಂಗಳು.

ಒಂದು ಸಂಗತಿ ಹೇಳುತ್ತೇನೆ. ಹೋದ ವರ್ಷ ತೊಗರಿ ಸೀಸನ್‌ನಲ್ಲಿ ಒಂದು ಪಿಕಪ್ ಬಂತು. ಗಂಜ್‌ನಲ್ಲಿ ಗೋದಾಮಿನ ಪಕ್ಕ ರಾತ್ರಿಯೆಲ್ಲ ನಿಂತಿದ್ದ ಗಾಡಿ. ಮೀಟರ್ ಬೋರ್ಡ್‌ನಲ್ಲಿ ಎಲ್ಲ ಲೈಟೂ ಹತ್ತಿದ್ದವು, ಗಾಡಿ ಸ್ಟಾರ್ಟ್ ಆಗ್ತಿರಲಿಲ್ಲ. ಬೇರೆ ಕಡೆ ತೋರಿಸಿದಾಗ ಇಸಿಯು ಹೋಗಿದೆ, ಹೊಸದು ಹಾಕಬೇಕು ಅಂದಿದ್ದರಂತೆ. ದೊಡ್ಡ ಖರ್ಚು. ನನ್ನ ಹತ್ತಿರ ಇರುವ ಹುಡುಗ ಒಂಬತ್ತನೇ ಕ್ಲಾಸ್‌ಗೆ ಶಾಲೆ ಬಿಟ್ಟವನು. ಅವನು ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಹಾಕುವ ಸಾಕೆಟ್‌ನ 6 ಮತ್ತು 14ನೇ ಪಿನ್‌ಗೆ ಮಲ್ಟಿಮೀಟರ್ ಹಿಡಿದ. "ಉಸ್ತಾದ್, 60 ಬರಬೇಕು, 120 ಬರ್ತಾ ಇದೆ, ವೈರ್ ಎಲ್ಲೋ ಕಟ್ ಆಗಿದೆ" ಅಂದ. ಹುಡುಕಿದರೆ ಬಾನೆಟ್ ಒಳಗೆ ಇಲಿ ಎರಡು ವೈರ್ ಕಡಿದು ಹಾಕಿತ್ತು. ಜೋಡಿಸಿ, ಟೇಪ್ ಸುತ್ತಿ, ಪೈಪ್ ಹಾಕಿದೆವು. ಗಾಡಿ ಓಡಿತು.

60 ಯಾಕೆ ಬರಬೇಕು ಅಂತ ಕೇಳಿದೆ. "ಗೊತ್ತಿಲ್ಲ ಉಸ್ತಾದ್, ಹಿಂದಿ ವಿಡಿಯೊದಲ್ಲಿ ಹೇಳಿದ್ರು" ಅಂದ.

ಪಾಲಿಟೆಕ್ನಿಕ್ ಮೇಷ್ಟ್ರು, ಕಲಬುರಗಿ

ಮಿಸ್ತ್ರಿ ಅವರೇ, ನಿಮ್ಮ ಮಾತು ಓದಿ ಮೈ ಜುಂ ಅಂತು.

ಆ 60 ಎಲ್ಲಿಂದ ಬಂತು ಹೇಳುತ್ತೇನೆ, ನಿಮ್ಮ ಹುಡುಗನಿಗೂ ಹೇಳಿ. ಗಾಡಿಯೊಳಗಿನ ಇಸಿಯುಗಳು ಒಂದಕ್ಕೊಂದು ಮಾತಾಡೋಕೆ ಎರಡು ವೈರ್ ಇರುತ್ತವೆ. ಅದಕ್ಕೆ ಕ್ಯಾನ್ ಅನ್ನುತ್ತಾರೆ. ಬಾಷ್ ಕಂಪನಿ 1986ರಲ್ಲಿ ಅದನ್ನು ಲೋಕಕ್ಕೆ ತೋರಿಸಿತು. ಆ ಜೋಡಿ ವೈರಿನ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಪ್ಯಾರಲಲ್. 120ಕ್ಕೆ 120 ಪ್ಯಾರಲಲ್ ಆದರೆ 60. ನಡುವೆ ವೈರ್ ಕಟ್ ಆದರೆ ಒಂದೇ ರೆಸಿಸ್ಟರ್ ಕಾಣುತ್ತದೆ, ಆಗ 120.

ಈ ಪ್ಯಾರಲಲ್ ಸೂತ್ರ ಎಸ್ಸೆಸ್ಸೆಲ್ಸಿಯಲ್ಲೇ ಇದೆ. ನಮ್ಮ ವಿದ್ಯಾರ್ಥಿಗಳು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಅದು ಪಿಕಪ್ ಗಾಡಿಯಲ್ಲಿ ಇಲಿ ಕಡಿದ ಜಾಗ ಹುಡುಕೋಕೆ ಬರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ನಾನು ಹೇಳಿಕೊಟ್ಟಿಲ್ಲ. ನಿಮ್ಮ ಹುಡುಗನಿಗೆ ಜಾಗ ಗೊತ್ತು, ಸೂತ್ರ ಗೊತ್ತಿಲ್ಲ. ಇಬ್ಬರೂ ಒಂದೇ ಊರಲ್ಲಿದ್ದಾರೆ.

ಸೇಡಂ ಡೀಸೆಲ್

ಸರ್, ಇದೇ ಮಾತು ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ! ಗ್ಯಾರೇಜ್ ಹುಡುಗನ ಹತ್ತಿರ ಕೈಗುಣ ಇದೆ, ಕಾಗದ ಇಲ್ಲ. ಡಿಪ್ಲೊಮಾ ಹುಡುಗನ ಹತ್ತಿರ ಕಾಗದ ಇದೆ, ಕೈ ಓಡಲ್ಲ. ಕಂಪನಿ ಕಾಗದ ನೋಡಿ ತೆಗೆದುಕೊಳ್ಳುತ್ತದೆ, ಆಮೇಲೆ ಕೆಲಸ ಬರಲ್ಲ ಅಂತ ಬೈಯುತ್ತದೆ.

ಜೇವರ್ಗಿ ರೋಡ್

ಕಾಗದ ಇಲ್ಲದವರಿಗೆ ಕಾಗದ ಕೊಡುವ ಯೋಜನೆ ಇದೆ. ಆರ್‌ಪಿಎಲ್ ಅಂತ. ಕೆಲಸ ಮಾಡುತ್ತಾ ಕಲಿತದ್ದನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ, ಗಾಡಿ ಕೆಲಸಕ್ಕೆ ಆಟೋಮೋಟಿವ್ ಸ್ಕಿಲ್ಸ್ ಡೆವಲಪ್‌ಮೆಂಟ್ ಕೌನ್ಸಿಲ್ ಇದೆ. ಮಿಸ್ತ್ರಿ ಅಣ್ಣಾ, ಆ ಹುಡುಗನಿಗೆ ಅದನ್ನು ಮಾಡಿಸಿ. ಅದರ ಜೊತೆ ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿಸಿ. ಎಸ್ಸೆಸ್ಸೆಲ್ಸಿ ಆದರೆ ಐಟಿಐ, ಎರಡು ವರ್ಷದ ಐಟಿಐ ಆದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೀಟು, ಡಿಪ್ಲೊಮಾ ಆದರೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷ. ಮೆಟ್ಟಿಲು ಇದೆ. ಯಾರೂ ತೋರಿಸಲ್ಲ.

ಕಮಲಾಪುರ ತಾಯಿ

ನಾನು ಪಾಲಕಳಾಗಿ ಬರೆಯುತ್ತಿದ್ದೇನೆ. ನೀವೆಲ್ಲ ಅಪ್ಪ ಅಮ್ಮನನ್ನೇ ಬೈಯುತ್ತಿದ್ದೀರಿ ಅನ್ನಿಸಿತು. ನಮ್ಮ ಹುಡುಗನೂ ಹತ್ತನೇ ಕ್ಲಾಸ್‌ನಿಂದ ಗಾಡಿ ಗಾಡಿ ಅಂತ ಕುಣಿಯುತ್ತಿದ್ದ. ನಾವು ಬೇಡ ಅಂದೆವು. ಕೈ ಕಪ್ಪಾಗುವ ಕೆಲಸ ಮಾಡುವವರಿಗೆ ಹೆಣ್ಣು ಕೊಡೋಕೆ ಹಿಂದೆ ಮುಂದೆ ನೋಡುತ್ತಾರೆ. ಇದು ನಮ್ಮ ಮನೆಯಲ್ಲೇ ಆಗಿದೆ, ನನ್ನ ಮೈದುನನಿಗೆ ಮೂರು ಸಂಬಂಧ ತಪ್ಪಿದವು. ಮಗ ಓದಿದ ಮೇಲೂ ಹಾಗೇ ಆದರೆ ಅನ್ನುವ ಭಯ ತಾಯಿಗೆ ಇರುತ್ತೆ ಅಲ್ವಾ?

ಮೇಷ್ಟ್ರೇ, ನೀವು ಆ ಚಿತ್ತಾಪುರದ ಅಪ್ಪನ ಜೊತೆ ಹತ್ತು ನಿಮಿಷ ಮಾತಾಡಿದ್ದರೆ? ಹುಡುಗನಿಗೆ ಉತ್ತರ ಕೊಟ್ಟಿರಿ. ಅಪ್ಪನಿಗೆ ಯಾರೂ ಏನೂ ಹೇಳಲಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು, ಕಲಬುರಗಿ

ಹೌದಮ್ಮ. ಅದು ನನ್ನ ತಪ್ಪು. ಮಾತಾಡಬೇಕಿತ್ತು.

ಬ್ರೇಕ್ ಹುಡುಗಿ, ಸದ್ಯ ಬೆಂಗಳೂರು

ಅಮ್ಮಾ, ನನ್ನ ಕೈ ಕಪ್ಪಾಗಿಲ್ಲ, ಆದರೂ ನಾನು ಗಾಡಿ ಕೆಲಸವನ್ನೇ ಮಾಡುವುದು. ಊರು ಶಹಾಪುರ. ಮೆಕ್ಯಾನಿಕಲ್ ಡಿಪ್ಲೊಮಾ, ಆಮೇಲೆ ಬಿಇ. ಅರವತ್ತು ಹುಡುಗರ ನಡುವೆ ನಾವು ಮೂವರು ಹುಡುಗಿಯರು. ವರ್ಕ್‌ಶಾಪ್ ಹತ್ತಿರ ನಮಗೆ ಟಾಯ್ಲೆಟ್ ಇರಲಿಲ್ಲ. ಮುಖ್ಯ ಕಟ್ಟಡಕ್ಕೆ ಓಡಿ ಹೋಗಿ ಬರಬೇಕಿತ್ತು. ಹುಡುಗಿಯರು ಯಾಕೆ ಬರಲ್ಲ ಅಂತ ಚರ್ಚೆ ಮಾಡುವವರು ಮೊದಲು ಇದನ್ನು ನೋಡಲಿ.

ಈಗ ನಾನು ಎಬಿಎಸ್ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತೇನೆ. 125 ಸಿಸಿ ದಾಟಿದ ಬೈಕ್‌ಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಆಯ್ತು, ಗೊತ್ತಲ್ವಾ? ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಿ ಜಾರಬಾರದು. ಅದಕ್ಕೆ ಚಕ್ರದ ವೇಗ ಅಳೆದು, ಒತ್ತಡ ಬಿಟ್ಟು ಹಿಡಿದು, ಮತ್ತೆ ಬಿಟ್ಟು ಹಿಡಿಯುವ ಲೆಕ್ಕ ಒಂದು ಸಣ್ಣ ಡಬ್ಬಿಯೊಳಗೆ ನಡೆಯುತ್ತದೆ. ನನ್ನ ಟೇಬಲ್ ಮೇಲೆ ಗಾಡಿ ಇರುವುದಿಲ್ಲ. ಗಾಡಿಯ ಹಾಗೆ ನಡೆದುಕೊಳ್ಳುವ ಕಂಪ್ಯೂಟರ್ ಇರುತ್ತದೆ. ಆ ಡಬ್ಬಿಗೆ ತಾನು ಒದ್ದೆ ರಸ್ತೆ ಮೇಲೆ ಇದ್ದೇನೆ ಅಂತ ನಂಬಿಸಿ, ಅದು ಏನು ಮಾಡುತ್ತದೆ ಅಂತ ನೋಡುತ್ತೇವೆ.

ನಮ್ಮ ತಂಡದಲ್ಲಿ ಕಂಪ್ಯೂಟರ್ ಸೈನ್ಸ್‌ನವರೇ ಜಾಸ್ತಿ. ಕೋಡ್ ಚೆನ್ನಾಗಿ ಬರೆಯುತ್ತಾರೆ. ಆದರೆ ಮರಳು ಬಿದ್ದ ತಿರುವಿನಲ್ಲಿ ಗಾಡಿ ಹೇಗೆ ಜಾರುತ್ತದೆ ಅಂತ ಅವರು ನನ್ನನ್ನೇ ಕೇಳುತ್ತಾರೆ. ಶಹಾಪುರದ ಗುಡ್ಡದ ರಸ್ತೆಯಲ್ಲಿ ಅಪ್ಪನ ಗಾಡಿ ಓಡಿಸಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಆ ಚಿತ್ತಾಪುರದ ಹುಡುಗ ಕಂಪ್ಯೂಟರ್ ಸೇರಿದ್ದಕ್ಕೆ ಬೇಜಾರಾಗಬೇಡಿ ಸರ್. ಅವನನ್ನು ನಿಮ್ಮ ಲ್ಯಾಬ್‌ಗೆ ಕರೆಯಿರಿ. ಇಂಥ ಡಬ್ಬಿಗೆ ಕೋಡ್ ಬರೆಯುವ ಎಂಬೆಡೆಡ್ ಸಿ ಕಲಿಯಲಿ, ಪಕ್ಕದಲ್ಲೇ ಎಂಜಿನ್ ಬಿಚ್ಚಲಿ. ಅಂಥವರು ನಮಗೆ ಸಿಗುವುದು ಕಷ್ಟ.

ಆಳಂದ ನಾಕಾ

ತಂಗಿ, ನಿನ್ನ ಮಾತು ಸರಿ. ಆದರೆ ಎಲ್ಲರೂ ಬೆಂಗಳೂರಿಗೆ ಹೋದರೆ ಇಲ್ಲಿ ಏನು ಉಳಿಯಿತು? ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ನಮ್ಮವರಿಗೆ, ಹೊರಗಿನ ಕಾಲೇಜುಗಳಲ್ಲಿ 8 ಪರ್ಸೆಂಟ್. ಆ 8 ಪರ್ಸೆಂಟ್‌ನಲ್ಲಿ ಹೋದವರಲ್ಲಿ ತಿರುಗಿ ಬಂದವರು ಯಾರು?

ಬ್ರೇಕ್ ಹುಡುಗಿ, ಸದ್ಯ ಬೆಂಗಳೂರು

ಅಣ್ಣಾ, ಬರೋಕೆ ನಾನು ಇವತ್ತೇ ತಯಾರು. ಎಬಿಎಸ್ ಪರೀಕ್ಷೆ ಮಾಡುವ ಕೆಲಸ ಯಾದಗಿರಿಯಲ್ಲಿ ಎಲ್ಲಿದೆ, ಹೇಳಿ.

ಹುಮನಾಬಾದ್ ಹುಡುಗ

ಬಿಡದಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಟೊಯೋಟಾದವರ ಟೆಕ್ನಿಕಲ್ ಟ್ರೇನಿಂಗ್ ಇನ್‌ಸ್ಟಿಟ್ಯೂಟ್ 2007ರಿಂದ ಇದೆ. ಎಸ್ಸೆಸ್ಸೆಲ್ಸಿ ಆದ ಹಳ್ಳಿಯ ಬಡ ಮಕ್ಕಳಿಗೆ ಮೂರು ವರ್ಷದ ಕೋರ್ಸ್, ಅಲ್ಲೇ ವಾಸ, ಅಲ್ಲೇ ಊಟ. ಶುರುವಿನಲ್ಲಿ ಹುಡುಗರಿಗೆ ಮಾತ್ರ ಇತ್ತು, ಈಗ ಹುಡುಗಿಯರೂ ಸೇರಬಹುದು. ನಮ್ಮ ಊರಿನ ಒಬ್ಬ ಅಲ್ಲಿ ವೆಲ್ಡಿಂಗ್ ಕಲಿತ. ಬೆಳಿಗ್ಗೆ ಎದ್ದು ಓಡುವುದು, ಸಾಲಾಗಿ ಚಪ್ಪಲಿ ಇಡುವುದು, ಒಂದು ಬೋಲ್ಟ್ ಬಿಗಿ ಮಾಡೋಕೂ ಒಂದು ಪದ್ಧತಿ. ಮೊದಲ ಆರು ತಿಂಗಳು ಅಳುತ್ತಿದ್ದನಂತೆ. ಈಗ ರಜೆಗೆ ಬಂದರೆ ಅವನ ಮನೆಯ ಟೂಲ್ ಪೆಟ್ಟಿಗೆ ನೋಡಬೇಕು, ಹಾಗಿದೆ.

ಖಡಕ್ ರೊಟ್ಟಿ

ಅವನಿಗೆ ಅಲ್ಲಿ ರೊಟ್ಟಿ ಸಿಗುತ್ತಿತ್ತಾ? ನನ್ನ ತಮ್ಮ ನರಸಾಪುರ ಕಡೆ ಬೈಕ್ ಫ್ಯಾಕ್ಟರಿಗೆ ಅಪ್ರೆಂಟಿಸ್ ಹೋಗಿದ್ದ. ಕೆಲಸ ಚೆನ್ನಾಗಿತ್ತು, ಮೂರು ಹೊತ್ತು ಅನ್ನ ತಿಂದು ಸಾಕಾಯ್ತು ಅಂತ ವಾಪಸ್ ಬಂದ.

ಹುಮನಾಬಾದ್ ಹುಡುಗ

ಮನೆಯಿಂದ ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದ. ತಿಂಗಳು ಬರುತ್ತವೆ.

ಕಮಲಾಪುರ ತಾಯಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹದಿನೆಂಟರ ಹುಡುಗ 600 ಕಿಲೋಮೀಟರ್ ದೂರ ಹೋಗಿ ಉಳಿಯಬೇಕಾದರೆ ಊಟ ದೊಡ್ಡ ಮಾತು.

ಬೀದರ್ ಕೋಟೆ

ಐಟಿಐ ಬಗ್ಗೆಯೂ ಹೇಳಿಬಿಡುತ್ತೇನೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸದು ಮಾಡಿದ್ದಾರೆ, 2022ರಲ್ಲಿ ಉದ್ಘಾಟನೆ ಆಯ್ತು. ರೋಬೋಟ್, ಕಂಪ್ಯೂಟರ್ ನಡೆಸುವ ಮಷೀನ್ ಅಂದರೆ ಸಿಎನ್‌ಸಿ, ಎಲೆಕ್ಟ್ರಿಕ್ ವಾಹನದ ಕೋರ್ಸ್ ಬಂದಿವೆ. ಕಲಬುರಗಿಯಲ್ಲಿ ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯೂ ಇದೆ. ಅಲ್ಲಿ ಟೂಲ್ ಆಂಡ್ ಡೈ (ಡೈ ಅಂದರೆ ಅಚ್ಚು) ಡಿಪ್ಲೊಮಾ ಮೂರು ವರ್ಷ, ಮೇಲೊಂದು ವರ್ಷ ಕಂಪನಿಯಲ್ಲಿ ತರಬೇತಿ. ಆಟೋಮೊಬೈಲ್ ಅಂದರೆ ಎಂಜಿನ್ ಒಂದೇ ಅಲ್ಲ. ಕಾರಿನ ಬಾಗಿಲು ಒತ್ತುವ ಡೈ ಮಾಡುವವನು ಇಲ್ಲದಿದ್ದರೆ ಬಾಗಿಲೇ ಇಲ್ಲ.

ಸೇಡಂ ಡೀಸೆಲ್

ಮಷೀನ್ ಬಂದಿವೆ, ಒಪ್ಪುತ್ತೇನೆ. ಅದನ್ನು ಕಲಿಸುವವರು? ನಾನು ನೋಡಿದ ಒಂದು ಕಡೆ ಹೊಸ ಮಷೀನ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಮುಟ್ಟಿದರೆ ಹಾಳಾದೀತು ಅಂತ ಬೀಗ. ಹಾಳಾಗಲಿ ರೀ, ಹಾಳಾದರೆ ರಿಪೇರಿ ಕಲಿಯುತ್ತಾರೆ.

ಭೀಮಾ ದಂಡೆ, ಯಾದಗಿರಿ

ಭಾಷೆಯ ಮಾತನ್ನೂ ಆಡಬೇಕು. ನಾನು ಕನ್ನಡ ಮಾಧ್ಯಮ. ಡಿಪ್ಲೊಮಾ ಮೊದಲ ಸೆಮಿಸ್ಟರ್‌ನಲ್ಲಿ ನಾಲ್ಕು ವಿಷಯ ಹೋದವು. ಡಿಫರೆನ್ಷಿಯಲ್ ಅಂದರೆ ಏನು ಅಂತ ಪುಸ್ತಕ ಮೂರು ಸಲ ಓದಿದರೂ ತಿಳಿಯಲಿಲ್ಲ. ಆಮೇಲೆ ನಮ್ಮ ಮಾವ ಟ್ರ್ಯಾಕ್ಟರ್ ಹಿಂದಿನ ಎರಡೂ ಗಾಲಿ ಮೇಲೆತ್ತಿ, ಒಂದನ್ನು ಕೈಯಿಂದ ತಿರುಗಿಸಿದರು. ಇನ್ನೊಂದು ಉಲ್ಟಾ ತಿರುಗಿತು. "ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ, ಅದಕ್ಕೇ ಇದು" ಅಂದರು. ಒಂದು ನಿಮಿಷದ ಕೆಲಸ.

2021ರಲ್ಲಿ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಎಂಟು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸೋಕೆ ಒಪ್ಪಿಗೆ ಕೊಟ್ಟಿತು, ಕನ್ನಡವೂ ಅದರಲ್ಲಿದೆ. ಪೂರ್ತಿ ಕನ್ನಡದಲ್ಲೇ ಓದಿ ಅಂತ ನಾನು ಹೇಳಲ್ಲ, ಕೆಲಸಕ್ಕೆ ಇಂಗ್ಲಿಷ್ ಬೇಕು. ಮೊದಲ ವರ್ಷ ಮಾತ್ರ ನಮ್ಮ ಮಾತಲ್ಲಿ ತಿಳಿಸಿಕೊಡಿ. ಆ ಒಂದು ವರ್ಷದಲ್ಲಿ ಎಷ್ಟು ಹುಡುಗರು ಓಡಿ ಹೋಗುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಇ-ಆಟೋ, ಸೂಪರ್ ಮಾರ್ಕೆಟ್

ನಾನು ಎಲೆಕ್ಟ್ರಿಕ್ ಆಟೋ ಓಡಿಸುತ್ತೇನೆ. ವಿಷಯ ಸ್ವಲ್ಪ ಬೇರೆ, ಆದರೂ ಮೇಷ್ಟ್ರು ಇದ್ದಾರೆ ಅಂತ ಕೇಳುತ್ತೇನೆ. ಮೇ ತಿಂಗಳಲ್ಲಿ ಮಧ್ಯಾಹ್ನ ಮನೆಗೆ ಬಂದ ತಕ್ಷಣ ಚಾರ್ಜ್ ಹಾಕಿದರೆ ಅರ್ಧಕ್ಕೇ ಕಟ್ ಆಗುತ್ತದೆ. ರಾತ್ರಿ ಹಾಕಿದರೆ ಫುಲ್ ಆಗುತ್ತದೆ. ಬ್ಯಾಟರಿ ಕೆಟ್ಟಿದೆಯಾ?

ಪಾಲಿಟೆಕ್ನಿಕ್ ಮೇಷ್ಟ್ರು, ಕಲಬುರಗಿ

ಕೆಟ್ಟಿರಲಿಕ್ಕಿಲ್ಲ ಅಣ್ಣಾ, ಬಿಸಿಯ ಕಾಟ ಇರಬೇಕು. ಲಿಥಿಯಂ ಸೆಲ್‌ಗಳನ್ನು ಸಾಮಾನ್ಯವಾಗಿ ಸೊನ್ನೆಯಿಂದ 45 ಡಿಗ್ರಿ ಒಳಗೆ ಚಾರ್ಜ್ ಮಾಡಿ ಅನ್ನುತ್ತಾರೆ. ನಮ್ಮಲ್ಲಿ ಮೇ ತಿಂಗಳ ಗಾಳಿಯೇ 42, 43 ಇರುತ್ತದೆ. ಓಡಿ ಬಂದ ಬ್ಯಾಟರಿ ಒಳಗೆ ಇನ್ನೂ ಜಾಸ್ತಿ. ಬಿಸಿ ಏರಿದರೆ ಒಳಗೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ತಾನೇ ಚಾರ್ಜ್ ನಿಲ್ಲಿಸುತ್ತದೆ, ನಿಮ್ಮ ಒಳ್ಳೆಯದಕ್ಕೇ. ನೆರಳಲ್ಲಿ ಒಂದು ಒಂದೂವರೆ ಗಂಟೆ ನಿಲ್ಲಿಸಿ, ಆಮೇಲೆ ಹಾಕಿ. ಬ್ಯಾಟರಿ ಪೆಟ್ಟಿಗೆ ಮೇಲೆ ನೀರು ಮಾತ್ರ ಸುರಿಯಬೇಡಿ.

ಬ್ರೇಕ್ ಹುಡುಗಿ, ಸದ್ಯ ಬೆಂಗಳೂರು

ಸರ್, ಇದೇ ನಿಮ್ಮ ಲ್ಯಾಬ್! ಬಿಸಿಲಲ್ಲಿ ಬ್ಯಾಟರಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡೋಕೆ ಕಂಪನಿಗಳು ಲಕ್ಷಗಟ್ಟಲೆ ಸುರಿದು ಬಿಸಿ ಕೋಣೆ ಕಟ್ಟುತ್ತವೆ. ಕಲಬುರಗಿಯಲ್ಲಿ ಅದು ಬೀದಿಯಲ್ಲೇ ಇದೆ. ಹತ್ತು ಇ-ಆಟೋದವರನ್ನು ಒಪ್ಪಿಸಿ, ಬ್ಯಾಟರಿ ಪೆಟ್ಟಿಗೆ ಹೊರಗೆ ಒಂದು ಸಣ್ಣ ಸೆನ್ಸರ್ ಅಂಟಿಸಿ. ಮಾರ್ಚ್‌ನಿಂದ ಜೂನ್‌ವರೆಗೆ ಬಿಸಿ, ಓಡಿದ ದೂರ, ಚಾರ್ಜ್ ಆದ ಸಮಯ ಬರೆದಿಡಲಿ. ಫೈನಲ್ ಇಯರ್ ಪ್ರಾಜೆಕ್ಟ್ ಅಂತ ಹೊರಗಿಂದ ಕೊಂಡು ತರುವ ಮಾಡೆಲ್‌ಗಿಂತ ಇದು ಎಷ್ಟೋ ಮೇಲು. ಇಂಟರ್‌ವ್ಯೂನಲ್ಲಿ ನಾನು ಇಂಥ ಹುಡುಗನನ್ನೇ ಮೊದಲು ಆರಿಸುತ್ತೇನೆ. ಲೆಕ್ಕ ನೋಡಿಕೊಡೋಕೆ ನಾನಿದ್ದೇನೆ.

ಇ-ಆಟೋ, ಸೂಪರ್ ಮಾರ್ಕೆಟ್

ನನ್ನ ಗಾಡಿ ಬರೆದುಕೊಳ್ಳಿ. ಸ್ಟ್ಯಾಂಡ್‌ನಲ್ಲಿ ಇನ್ನೂ ಆರು ಜನರನ್ನು ಕೇಳುತ್ತೇನೆ.

ಜೇವರ್ಗಿ ರೋಡ್

ಎಲ್ಲ ಚೆನ್ನಾಗಿದೆ. ನಾನು ಮತ್ತೆ ಸಂಬಳಕ್ಕೇ ಬರುತ್ತೇನೆ. ಆಳಂದ ನಾಕಾ ತಮ್ಮನಂಥವರು ಮೂರು ವರ್ಷ ಆಯಿಲ್ ಬೇಯಲ್ಲೇ ನಿಂತರೆ ಯಾವ ಪ್ರಾಜೆಕ್ಟೂ ಉಳಿಸಲ್ಲ. ಸರ್ವಿಸ್ ಸೆಂಟರ್ ಮಾಲೀಕರು ಯಾರಾದರೂ ಓದುತ್ತಿದ್ದರೆ, ಆರು ತಿಂಗಳಿಗೊಮ್ಮೆ ಹುಡುಗನ ಬೇ ಬದಲಿಸಿ. ಸಂಬಳ ಏರಿಸೋಕೆ ಆಗದಿದ್ದರೂ ಕೆಲಸ ಕಲಿಸೋಕೆ ಆಗುತ್ತೆ ಅಲ್ವಾ?

ಆಳಂದ ನಾಕಾ

ಅಷ್ಟು ಮಾಡಿದ್ದರೆ ನಾನು ಬಿಡುತ್ತಿರಲಿಲ್ಲ ಅಣ್ಣಾ.

ರಿಂಗ್ ರೋಡ್ ಮಿಸ್ತ್ರಿ

ಮೇಷ್ಟ್ರೇ, ನೀವು ಇಬ್ಬರೂ ಒಂದೇ ಊರಲ್ಲಿದ್ದಾರೆ ಅಂದಿರಿ. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಭಾನುವಾರ ನನ್ನ ಗ್ಯಾರೇಜ್‌ಗೆ ಗಾಡಿ ಕಡಿಮೆ ಬರುತ್ತವೆ. ನಿಮ್ಮ ಹುಡುಗರನ್ನು ಕರೆದುಕೊಂಡು ಬನ್ನಿ. ರೊಕ್ಕ ಏನೂ ಬೇಡ. ನಮ್ಮ ಹುಡುಗ ಗಾಡಿ ತೋರಿಸುತ್ತಾನೆ, ನಿಮ್ಮವರು ಅವನಿಗೆ ಲೆಕ್ಕ ಹೇಳಿಕೊಡಲಿ. ಎಸ್ಸೆಸ್ಸೆಲ್ಸಿ ಫಾರ್ಮ್ ಕಟ್ಟಿಸೋದಾಗಿ ಅವನಿಗೆ ಹೇಳಿದ್ದೇನೆ, ಗಣಿತಕ್ಕೆ ಹೆದರುತ್ತಿದ್ದಾನೆ.

ಪಾಲಿಟೆಕ್ನಿಕ್ ಮೇಷ್ಟ್ರು, ಕಲಬುರಗಿ

ಬರುತ್ತೇವೆ. ಮೊದಲ ಸಲ ಎಂಟು ಜನ, ಜಾಸ್ತಿ ಆದರೆ ನಿಮಗೆ ತೊಂದರೆ. ಗಣಿತ ನಾನೇ ಹೇಳಿಕೊಡುತ್ತೇನೆ. ಚಿತ್ತಾಪುರದ ಆ ಹುಡುಗನ ಅಪ್ಪನ ನಂಬರ್ ಅಡ್ಮಿಷನ್ ಫಾರ್ಮ್‌ನಲ್ಲಿ ಇತ್ತು, ಈಗಷ್ಟೇ ಫೋನ್ ಮಾಡಿದೆ. ಅಪ್ಪನೂ ಜೊತೆಗೆ ಬರುತ್ತೇನೆ ಅಂದರು. ಬೆಳಿಗ್ಗೆ 9ಕ್ಕೆ ಬಂದರೆ ಆಗುತ್ತಾ?

ರಿಂಗ್ ರೋಡ್ ಮಿಸ್ತ್ರಿ

8ಕ್ಕೇ ಬನ್ನಿ, ಆಮೇಲೆ ಬಿಸಿಲು. ಸ್ಕ್ಯಾನರ್ ನನ್ನ ಹತ್ತಿರ ಇದೆ. ಮಲ್ಟಿಮೀಟರ್ ಒಂದೇ ಇದೆ, ನಿಮ್ಮ ಲ್ಯಾಬ್‌ನಿಂದ ಎರಡು ತನ್ನಿ.